ಹಾಜರಿ ಯಂತ್ರ ಸರಿಹೋದ ದಿನ

ನಾನು ಅಮೀರ್‌ಪೇಟೆಯಲ್ಲಿ ಒಮ್ಮೆ ಸೀನಿದರೆ ಅಮೆರಿಕದ ಅರ್ಧ ಕಂಪ್ಯೂಟರುಗಳು ಕೆಡುತ್ತಿದ್ದವು, ಮತ್ತೊಮ್ಮೆ ಸೀನಿದರೆ ಸರಿಹೋಗುತ್ತಿದ್ದವು. ನನ್ನಂಥವನಿದ್ದ ಆಫೀಸಿನಲ್ಲೇ ಕಲ್ಲೇಶನೆಂಬ ಬಡಪಾಯಿಯೂ ಇದ್ದ.

ಬಾಗಿಲಲ್ಲಿ ಹಾಜರಿ ಹಾಕುವ ಕಾರ್ಡ್ ರೀಡರ್ ಇತ್ತು. ಅದನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮ್ ಬರೆದವನು ಕಲ್ಲೇಶ. ದಸರೆ ರಜೆ ಮುಗಿದ ಬೆಳಿಗ್ಗೆ ಯಾರೋ ಕಾರ್ಡ್ ಉಜ್ಜಿದ್ದೇ ತಡ, ಕಂಪ್ಯೂಟರಿನ ತಿರುಳಾದ ಕರ್ನಲ್ಲೇ ಕ್ರ್ಯಾಶ್ ಆಗಿ ಯಂತ್ರ ಕೆಸರಿಗೆ ಬಿದ್ದ ಎಮ್ಮೆಯಂತೆ ಮಲಗಿಬಿಟ್ಟಿತು. ಎಬ್ಬಿಸಿದರೆ ಮುಂದಿನ ಕಾರ್ಡಿಗೆ ಮತ್ತೆ ಮಲಗಿತು.

ಮ್ಯಾನೇಜರ್ ಸೀತಾರಾಮ ರಾಯಚೂರಿನವರು. "ಕಲ್ಲೇಶ, ಸಂಜಿ ಒಳಗ ಇದು ನಡೀಬೇಕು. ನಡದ್ರ ನಾಳೆ ಸುರಪುರಕ್ಕ ಹೋಗಿ ಹುಡುಗಿ ನೋಡ್ಕೊಂಡು ಬಾ. ನಿಂದು ರಜಾ ಒಂದ ಉಳದೈತಿ, ನೆಪ್ಪಿರಲಿ."

ಹೆಣ್ಣು ನೋಡುವುದನ್ನು ಕಲ್ಲೇಶ ಆಗಲೇ ಎರಡು ಸಲ ಮುಂದೂಡಿದ್ದ. ಈ ಸಲವೂ ಹೋಗದಿದ್ದರೆ ಬೇರೆ ವರ ನೋಡುವುದಾಗಿ ಹುಡುಗಿಯ ಮನೆಯವರು ಹೇಳಿಕಳಿಸಿದ್ದರು.

ಕಲ್ಲೇಶ ಕೋಡಿನ ಸಾಲು ಸಾಲೂ ಜಾಲಾಡತೊಡಗಿದ. ಸುತ್ತ ಸಲಹೆಗಾರರ ಸಂತೆ ನೆರೆಯಿತು.

"ಎರಡು ಬಾರಸ್ರಿ. ನಮ್ಮೂರ ರೇಡಿಯೋ ಹಂಗ ಹಾಡ್ತಿತ್ತು," ಎಂದು ಗುರುಶಾಂತ ತಾನೇ ಬಾರಿಸಿದ. ರೀಡರ್ ಗೋಡೆಯಿಂದ ಕಳಚಿ ಕಲ್ಲೇಶನ ಕಾಲ ಮೇಲೆ ಬಿತ್ತು.

"ದೃಷ್ಟಿ ಆಗೈತಿ," ಎಂದಳು ಸ್ನೇಹಲತಾ. "ಆಯುಧಪೂಜಾದಾಗ ಮಾತ್ರ ನಾನು ಏನೂ ಕಡಿಮಿ ಮಾಡಿಲ್ಲಪಾ. ಅದರ ಬಾಯಿತುಂಬ ಕುಂಕುಮ ಹಾಕೀನಿ."

ಕಲ್ಲೇಶ ಟಾರ್ಚ್ ಹಾಕಿ ನೋಡಿದ. ಕಾರ್ಡ್ ಉಜ್ಜುವ ಸೀಳಿನ ತುಂಬ ಕುಂಕುಮ. ಕಾರ್ಡಿನಿಂದ ಒಂದಕ್ಷರವೂ ಓದಲಾಗದಿದ್ದರೂ, ಬಂದಿದೆಯೆಂದೇ ನಂಬಿ ಇವನ ಡ್ರೈವರ್ ಖಾಲಿ ಡಬ್ಬಿಯಲ್ಲಿ ಬೆಲ್ಲಕ್ಕೆ ಕೈಹಾಕಿ ಸಾಯುತ್ತಿತ್ತು. ಕುಂಕುಮ ಒರೆಸಿದ; 'ಏನೂ ಬರದಿದ್ದರೆ ಸುಮ್ಮನಿರು' ಎಂದು ಕೋಡಿನಲ್ಲೂ ಬರೆದ. ಸಂಜೆ ಐದಕ್ಕೆ ತನ್ನದೇ ಕಾರ್ಡ್ ಉಜ್ಜಿದ. ಹಸಿರು ದೀಪ ಹತ್ತಿತು.

ಸೀತಾರಾಮ ಪರದೆ ನೋಡಿ ಕನ್ನಡಕ ತೆಗೆದರು. "ಅಲ್ಲೋ ಮಾರಾಯ, ನಿನ್ನ ಕಾರ್ಡ್ ಯಾಕ ಉಜ್ಜಿದಿ? ಮೆಷಿನ್ ಕೆಟ್ಟ ದಿನ ಕಾರ್ಡ್ ಉಜ್ಜದವರೆಲ್ಲ ಹಾಜರು. ಉಜ್ಜಿದವರು ಮಾತ್ರ ಉಜ್ಜಿದ ಹೊತ್ತಿಗೇ ಬಂದಂಗ. ನೀನು ಐದಕ್ಕ ಬಂದೀ. ಇವತ್ತಿನ ದಿನಾ ನಿನ್ನ ರಜಾದಾಗ ಹೋತು."

"ಸರ್, ಇದ್ದದ್ದು ಅದೊಂದ ರಜಾ."

"ಏನ್ ಮಾಡೂದು? ಮೆಷಿನ್ ಈಗ ಛಲೋ ನಡಿಯಾಕತ್ತೈತಲ್ಲ."

ಹುಡುಗಿಯನ್ನು ಗಂಗಾವತಿಯ ವರನಿಗೆ ಕೊಟ್ಟರು.

"ಎಂಥಾ ಹುಡುಗಿ ಅಂತೀರಿ. ಫೋಟೋದಾಗ ಗಲ್ಲದ ಕುಳಿ ನೋಡಿದ್ರ ಗೋಲಿ ಇಡಬೇಕು ಅನಸ್ತಿತ್ತು," ಎಂದು ಮಿಯಾಪುರದ ನಮ್ಮ ಮನೆಯಲ್ಲಿ ಮೊನ್ನೆ ನೆಂಟರಿಗೆ ಈ ಕತೆ ಹೇಳಿ ಮುಗಿಸುತ್ತಿದ್ದೆ. ಸೊಪ್ಪು ಸೋಸುತ್ತಿದ್ದ ನನ್ನ ಹೆಂಡತಿ ಶಿವದೇವಿಯ ಕೈ ನಿಂತಿತು.

"ಕಲ್ಲೇಶಗ ಕಳಿಸಿದ ಫೋಟೋದಾಗ ನೀವು ಗಲ್ಲದ ಕುಳಿ ತನಕ ಹೆಂಗ ನೋಡಿದ್ರಿ?"

"ಆಫೀಸಿನ್ಯಾಗ ಎಲ್ಲಾರೂ ನೋಡಿದ್ರು."

"ಹಂಗಾರ ಕಲ್ಲೇಶಗ ಫೋನ್ ಹಚ್ರಿ, ನಾನ ಕೇಳ್ತೀನಿ."

ಯಾರಿಗೆ ಹಚ್ಚಲಿ? ಕಲ್ಲೇಶನೆಂಬವನು ಆ ಆಫೀಸಿನಲ್ಲಿ ಯಾವತ್ತೂ ಇರಲಿಲ್ಲ. ಡ್ರೈವರ್ ಬರೆದವನೂ ನಾನೇ, ಕಾರ್ಡ್ ಉಜ್ಜಿದವನೂ ನಾನೇ.