ಮಾವನವರು ಮಹಾಪುರುಷರಾದದ್ದು

ಬದುಕಿದ್ದಾಗ ಕೂರಲು ಮಣೆ ಕೊಡದ ಊರು, ಸತ್ತ ಮೇಲೆ ನಿಲ್ಲಲು ಕಟ್ಟೆ ಕಟ್ಟಿಸುತ್ತದೆ. ತೆಲಂಗಾಣ ರಾಜ್ಯ ಬಂದ ಹೊಸದರಲ್ಲಿ ನಮ್ಮ ನಾರಾಯಣಪೇಟೆಗೆ ಮಹಾಪುರುಷರ ಬರ ತಟ್ಟಿತು. ಗದ್ವಾಲದವರಿಗೆ ಮೊದಲೇ ಇದ್ದರು, ಮಕ್ತಲದವರೂ ಒಬ್ಬರನ್ನು ಹುಡುಕಿಕೊಂಡರು, ಹೆಸರು ಹೇಳಲು ನಮಗೆ ಬರೀ ಸೀರೆಯೇ ಗತಿಯೇ ಎಂದು ನಮ್ಮ ಮುಖಂಡರಿಗೆ ಊಟ ಸೇರದಾಯಿತು.

ಈ ಮಹಾಪುರುಷರ ಚರಿತ್ರೆಗಳನ್ನು ಕನ್ನಡ ಮೇಷ್ಟ್ರಾಗಿ ನಾನು ಬೇಕಾದಷ್ಟು ಓದಿದ್ದೇನೆ. ಎಲ್ಲರೂ ಬಡತನದಲ್ಲಿ ಹುಟ್ಟಿ, ಬೀದಿದೀಪದ ಕೆಳಗೆ ಓದಿ, ಕೊಟ್ಟ ಪದವಿಯನ್ನು ಒಲ್ಲೆ ಎಂದವರೇ. ಬೀದಿದೀಪವೇ ಇಲ್ಲದ ಊರಿನವರೂ ಅದರ ಕೆಳಗೇ ಓದಿದ್ದಾರೆ. ಒಬ್ಬರಿಗೂ ಹಲ್ಲುನೋವು ಬಂದಿಲ್ಲ, ಸಾರಿಗೆ ಉಪ್ಪು ಸಾಲದೆಂದು ಯಾರೂ ಮುಖ ಗಂಟಿಕ್ಕಿಲ್ಲ.

ಹೀಗಿರುವಾಗ ಚೌಕಿನಲ್ಲಿ ವಿಗ್ರಹ ನಿಲ್ಲಿಸುವ ಕಮಿಟಿಯ ಅಧ್ಯಕ್ಷ ನಮ್ಮ ಮನೆಗೆ ಬಂದ. ಇಟ್ಟಿಗೆ ಭಟ್ಟಿಯ ಧಣಿ. ಇತಿಹಾಸವೆಲ್ಲ ಫ್ಲೆಕ್ಸ್ ಓದಿ ಕಲಿತದ್ದು. ನಿಜಾಮನ ಕಾಲದಲ್ಲಿ ನನ್ನ ಮಾವನವರು ಒಂದು ರಾತ್ರಿ ಠಾಣೆಯಲ್ಲಿದ್ದ ಸುದ್ದಿ ಹೇಗೋ ಅವನ ಕಿವಿಗೆ ಬಿದ್ದಿತ್ತು. ಮಾವನವರು ದೊಡ್ಡಾಟದ ರಾಜವೇಷದವರು ಎಂದು ನಾನು ತಿಳಿಸಿದರೆ ಅವನು ಸೊಳ್ಳೆ ಓಡಿಸಿದಂತೆ ಕೈ ಬೀಸಿದ. "ಆಟದವರಿಗೆ ವಿಗ್ರಹ ಯಾರ್ ಮಾಡ್ತಾರ್ರೀ ಸಾರ್? ಠಾಣೆ ಐತಲ್ಲ, ಅದನ್ನ ಹಿಡೀರಿ. ವಿಗ್ರಹ ತೆರೆಯೋ ದಿನ ಭಾಷಣ ನಿಮ್ದೇ."

ಒಳಗಿನಿಂದ ಕೇಳುತ್ತಿದ್ದ ನಮ್ಮ ಅತ್ತೆ, ಅವನು ಹೋದ ಮೇಲೆ, ಆ ಠಾಣೆಯ ರಾತ್ರಿ ನಡೆದದ್ದನ್ನು ಹೇಳಿದರು. ಮಾಗನೂರಿನಲ್ಲಿ ಆಟ. ಪೂಜೆ ಮಾಡಿ ಕಿರೀಟ ಇಟ್ಟವನು ಅದನ್ನು ಇಳಿಸುವ ತನಕ ಹೆತ್ತ ತಂದೆಗೂ ಬಾಗುವಂತಿಲ್ಲ, ಅದು ದೊಡ್ಡಾಟದ ಕಟ್ಟಳೆ. ಹೊಸದಾಗಿ ಬಂದಿದ್ದ ಪೊಲೀಸ್ ಅಮೀನ ಸಾಹೇಬರಿಗೆ ಇದೇನು ಗೊತ್ತು? ಸಲಾಮು ಬೀಳಲಿಲ್ಲವೆಂದು ರಾಜನನ್ನು ವೇಷದ ಸಮೇತ ಠಾಣೆಗೆ ಒಯ್ದರು. ಬೆಳಗ್ಗೆ ಮಾವನವರು ಕಿರೀಟ ಇಳಿಸಿ, ನೆಲ ಮುಟ್ಟುವಂತೆ ಬಾಗಿ, "ರಾತ್ರಿ ಇದ್ದವ ರಾಜ, ಈಗ ನಾನು" ಎಂದು ಸಲಾಮು ಮಾಡಿದರಂತೆ. ಅಮೀನರು ನಕ್ಕು, ಚಹಾ ಕುಡಿಸಿ, ಮುಂದಿನ ಆಟಕ್ಕೆ ಎಲ್ಲರಿಗಿಂತ ಮೊದಲು ಬಂದು ಕೂತರಂತೆ.

"ಹೇಳೋದಾದ್ರ ಪೂರ್ತಿ ಹೇಳ್ರಿ, ಅಳಿಯಂದ್ರ," ಎಂದರು ಅತ್ತೆ. "ಮುಂಜಾನಿ ಸಲಾಮು ಬಿಟ್ರ ಅವರು ಬರೇ ಮೊಂಡ ಮನಷಾ ಆಗ್ತಾರ. ಆಟದ ರೀತಿ ತಿಳಿದವರು ಅಂತ ನಾಕು ಮಂದಿಗೆ ಗೊತ್ತಾಗಲಿ."

ಮಾತು ಕೊಟ್ಟೆ. ಫ್ಲೆಕ್ಸ್ ಪಂಡಿತನಾದ ಅಧ್ಯಕ್ಷನನ್ನು ಎದುರಿಸಲು ಒಂದು ಸತ್ಯ ಸಾಕು ಎಂಬ ಹಮ್ಮಿನಲ್ಲೇ ವಿಗ್ರಹ ತೆರೆಯುವ ದಿನ ವೇದಿಕೆ ಹತ್ತಿದೆ. ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಕಟ್ಟಳೆಯಿಂದಲೇ ಶುರು ಮಾಡಿದೆ. "ಅಮೀನರ ಮುಂದೆ ನಮ್ಮ ಮಾವನವರು ತಲೆ ಬಾಗಲಿಲ್ಲ" ಎಂಬಲ್ಲಿಗೆ ಬಂದೆ, ನೋಡಿ, ಎಂಥ ಚಪ್ಪಾಳೆ! ಮೂವತ್ತು ವರ್ಷ ವ್ಯಾಕರಣ ಹೇಳಿದವನಿಗೆ ಯಾರು ಸಿಳ್ಳೆ ಹೊಡೆದಿದ್ದಾರೆ? ಅದು ನಿಲ್ಲಲಿ, ಬೆಳಗಿನ ಸಲಾಮಿಗೆ ಹೋಗೋಣ ಎಂದು ಕಾದೆ. ಅದು ನಿಲ್ಲುವಷ್ಟರಲ್ಲಿ ನಾನು ಕೈ ಮುಗಿದು ಕೂತಾಗಿತ್ತು. ಅಧ್ಯಕ್ಷ ಶಾಲು ಹೊದಿಸಿದ.

ಅತ್ತೆಯನ್ನು ಕರೆದುಕೊಂಡು ಮನೆಗೆ ಹೊರಟೆ. ಜನರಿಗೆ ಅರ್ಧ ಸತ್ಯವೇ ಹೆಚ್ಚು, ಕಾಲವೇ ಕೆಟ್ಟಿದೆ ಎಂದು ದಾರಿಯುದ್ದಕ್ಕೂ ನಾನೇ ಊರನ್ನು ಬೈದೆ. ಹೊಸ್ತಿಲ ಬಳಿ ನಿಂತು ಅವರು ನನ್ನ ಹೆಗಲ ಮೇಲೆ ಇನ್ನೂ ಇದ್ದ ಶಾಲನ್ನೊಮ್ಮೆ ನೋಡಿದರು.

"ನಮ್ಮವರು ಬಣ್ಣ ತೊಳಕೊಂಡು ಮನಿಗೆ ಬರ್ತಿದ್ರು, ಅಳಿಯಂದ್ರ."