ಗುಹೆಯ ಬಾಗಿಲಲ್ಲಿ ಒಬ್ಬ ದೊಡ್ಡವ್ವ

ನಿವೃತ್ತನಾದ ಗಂಡಸಿನ ಮಾತನ್ನು ಕೊನೆಯವರೆಗೆ ಕೇಳುವ ಜೀವಿ ಈ ಭೂಮಂಡಲದಲ್ಲಿ ಇನ್ನೂ ಹುಟ್ಟಬೇಕಾಗಿದೆ. ನಾನು ವಾಕ್ಯದ ಕರ್ತೃಪದವನ್ನು ಹೇಳಿ ಕರ್ಮಪದಕ್ಕೆ ಕೈಹಾಕುವಷ್ಟರಲ್ಲಿ ಹೆಂಡತಿ ಕುಕ್ಕರಿನ ಕಡೆಗೂ ಪಕ್ಕದ ಮನೆಯವರು ಗೇಟಿನ ಕಡೆಗೂ ಹೊರಟುಬಿಟ್ಟಿರುತ್ತಾರೆ. ಕ್ರಿಯಾಪದವನ್ನು ನಾನೊಬ್ಬನೇ ಹೇಳಿಕೊಂಡು ಮುಗಿಸುತ್ತೇನೆ. ಹೀಗಿರುವಾಗ, ವಾರಕ್ಕೊಂದು ಮಧ್ಯಾಹ್ನ, ವಿದ್ಯಾವಂತರಾದ ಮೂವರು ನನ್ನೆದುರು ಕುಳಿತು, ನಾನು ಬಾಯಿ ತೆರೆದಾಗ ತಾವು ಬಾಯಿ ಮುಚ್ಚಬೇಕೆಂಬ ನಿಯಮಕ್ಕೆ ಒಪ್ಪಿದರೆ ನಾನು ಯಾವ ಕೆಲಸಕ್ಕೆ ತಾನೇ ಹಿಂಜರಿದೇನು? ರಾಕ್ಷಸರನ್ನು ಸಾಕುವುದಕ್ಕೂ ಸಿದ್ಧನಾದೆ. ಸಾಕಿದೆ ಕೂಡ. ಇದನ್ನು ಇಷ್ಟು ಧೈರ್ಯವಾಗಿ ಬರೆಯಲು ಕಾರಣವಿದೆ. ಊರು ತಮಿಳಿನದಾದರೂ ನಮ್ಮ ಮನೆಯಲ್ಲಿ ಕನ್ನಡ ಮಾತಾಡದವರಿಲ್ಲ. ಓದಬಲ್ಲವನು ಮಾತ್ರ ನಾನೊಬ್ಬನೇ. ಚಿಕ್ಕಂದಿನಲ್ಲಿ ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದು ಶಾಲೆ ಕಲಿತದ್ದರ ಫಲ ಅದು. ಆದ್ದರಿಂದ ಮನೆಯವರ ಬಗ್ಗೆ ಏನು ಬರೆದರೂ ನಾನು ಕ್ಷೇಮ. ಇಷ್ಟು ಭದ್ರವಾದ ಬುನಾದಿ ಎಲ್ಲ ಲೇಖಕರಿಗೂ ಸಿಗುವುದಿಲ್ಲ.

ಮಾಲತಿ ನನ್ನ ಅಕ್ಕನ ಮಗಳು. ಶರವಣಂಪಟ್ಟಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಮಾಡುವ ಯಾವುದೋ ಕೆಲಸ. ಅದೇನೆಂದು ಅವಳು ಹಲವು ಸಲ ವಿವರಿಸಿದ್ದಾಳೆ, ನಾನು ಹಲವು ಸಲ ತಲೆಯಾಡಿಸಿದ್ದೇನೆ. ಒಂದು ಭಾನುವಾರ ತುಡಿಯಲೂರಿನ ನಮ್ಮ ಮನೆಗೆ ಬಂದು, "ಮಾಮ, ನಿಮ್ಮ ಮೇಜು ಸುಮ್ಮಾ ತಾನೆ ಇದೆ? ನಾವು ಅದ್ರ ಮೇಲೆ ಆಡ್ಕೊಳ್ಳೋದಾ?" ಎಂದು ಕೇಳಿದಳು. ಮೇಜೆಂದರೆ ನನ್ನ ಡ್ರಾಯಿಂಗ್ ಟೇಬಲ್. ಪಂಪ್‌ಸೆಟ್ ಮಾಡುವ ವರ್ಕ್‌ಶಾಪಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಅದರ ಮೇಲೆ ಬಗ್ಗಿ ಬಗ್ಗಿ ನನ್ನ ಬೆನ್ನು ಅದರ ಅಳತೆಗೇ ಬಾಗಿಹೋಗಿದೆ. ಕಂಪ್ಯೂಟರು ಬಂದಾಗ ವರ್ಕ್‌ಶಾಪಿನವರು ಮೇಜನ್ನೂ ನನ್ನನ್ನೂ ಒಂದೇ ಗಾಡಿಯಲ್ಲಿ ಮನೆಗೆ ಕಳಿಸಿದರು. ಆಟವೆಂದರೆ ಚೌಕಾಬಾರವೋ ಕೇರಮ್ಮೋ ಇರಬೇಕೆಂದು ಒಪ್ಪಿಕೊಂಡೆ. ಬಂದದ್ದು ಬೇರೆ. ಈ ಆಟಕ್ಕೆ ಒಬ್ಬ ಯಜಮಾನ ಇರುತ್ತಾನೆ. ಅವರು ಇಂಗ್ಲಿಷಿನಲ್ಲಿ ಏನೋ ಅನ್ನುತ್ತಾರೆ, ನಾನು ಸೂತ್ರಧಾರ ಅನ್ನುತ್ತೇನೆ. ಅವನು ಕೋಟೆ, ಗುಹೆ, ಪಾಳುಗುಡಿ ಮುಂತಾದ ಜಾಗಗಳನ್ನು ಮೊದಲೇ ಕಲ್ಪಿಸಿ, ನಕ್ಷೆ ಬರೆದು, ಯಾವ ತಿರುವಿನಲ್ಲಿ ಯಾವ ಪ್ರಾಣಿ ಎದುರಾಗಬೇಕೆಂದು ಗೊತ್ತುಮಾಡಿಟ್ಟಿರುತ್ತಾನೆ. ಉಳಿದವರು ವೀರರೋ ಮಂತ್ರವಾದಿಗಳೋ ಆಗಿ ಕೂತಲ್ಲೇ ಅದರೊಳಗೆ ಹೊಕ್ಕು, "ನಾನು ಬಾಗಿಲು ಒದೀತೀನಿ" ಎನ್ನುತ್ತಾರೆ. ಒದ್ದದ್ದು ಬಾಗಿಲಿಗೆ ತಾಗಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ. ನಾನು ಕೆಲಸ ಮಾಡಿದ ಕಡೆ ಒಂದೇ ಮುಖದ ಮ್ಯಾನೇಜರು ಇದಕ್ಕಿಂತ ನಿಧಾನವಾಗಿ ತೀರ್ಮಾನಿಸುತ್ತಿದ್ದರು.

ಆಡಲು ಬರುವವರು ಮಾಲತಿಯಲ್ಲದೆ ಇಬ್ಬರು. ನಂದಿನಿ ತಿರುಪ್ಪೂರಿನವಳು, ಬನಿಯನ್ ಕಂಪನಿಯಲ್ಲಿ ಕೆಲಸ. ಅವರದೂ ನಮ್ಮಂತೆ ಹಿಂದೆ ಮಗ್ಗವಿದ್ದ, ಮನೆಯೊಳಗೆ ಕನ್ನಡವಿರುವ ಕುಟುಂಬ. ಪ್ರಶಾಂತ ಮಾಲತಿಯ ಆಫೀಸಿಗೆ ದಾವಣಗೆರೆಯಿಂದ ಹೊಸದಾಗಿ ಬಂದವನು. ಅವನು ಮೊದಲ ಸಲ ನಮ್ಮ ಬಾಗಿಲಿಗೆ ಬಂದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಚ್ಚ ಕರ್ನಾಟಕದ ಕನ್ನಡ. ಹೊಸ್ತಿಲಲ್ಲೇ ಅವನ ಮುಂಗೈ ಹಿಡಿದು, ದಾವಣಗೆರೆಯಲ್ಲಿ ಯಾವ ಕಡೆ, ತಂದೆ ಏನು ಮಾಡುತ್ತಾರೆ, ತಾಯಿಯ ತವರು ಯಾವುದು ಎಂದು ಪ್ರೀತಿಯಿಂದ ವಿಚಾರಿಸಿದೆ. ಹೊರಗೆಲ್ಲ ತಮಿಳಿನಲ್ಲಿ ಬದುಕುವ ನಮ್ಮಂಥವರಿಗೆ ಇದು ಅಭ್ಯಾಸ; ಕನ್ನಡದ ಎರಡು ಮಾತು ಕಿವಿಗೆ ಬಿದ್ದರೆ ಎಲ್ಲೋ ಒಂದು ನಂಟಿನ ಎಳೆ ಇದ್ದೇ ಇರುತ್ತದೆಂದು ಎಳೆಯತೊಡಗುತ್ತೇವೆ. ಎಳೆ ಹುಡುಕುವುದು ನೇಕಾರರ ಕುಲಕಸುಬು. ಅವನ ತಾಯಿಯ ಸೋದರತ್ತೆಯವರೆಗೆ ತಲುಪಿದ್ದೆ, ಇನ್ನೇನು ಗಂಟು ಸಿಗಬೇಕು, ಅಷ್ಟರಲ್ಲಿ ನನ್ನ ಹೆಂಡತಿ ಸರೋಜ ಅವೇಳೆಯಲ್ಲಿ ಕಾಫಿ ತಂದು ನನ್ನ ಕೈಗಿತ್ತಳು. ಮಾತು ಅಲ್ಲಿಗೇ ಕಡಿಯಿತು, ಅವನು ಒಳಗೆ ಹೋಗಿ ಕೂತ. ಹೊತ್ತುಗೊತ್ತು ನೋಡುವುದು ಅವಳಿಗೆ ಮೊದಲಿನಿಂದಲೂ ಬಾರದು.

ಅಲ್ಲಿಯವರೆಗೆ ಸೂತ್ರಧಾರನಾಗಿದ್ದ ಅವರ ಇನ್ನೊಬ್ಬ ಗೆಳೆಯ ಕೆಲಸ ಬದಲಾಗಿ ಹೊಸೂರಿಗೆ ಹೋದ. "ಮಾಮ, ನೀವೇ ಆಗಿ. ಪಂಪ್ ಬರೆದ ಕೈಗೆ ಕೋಟೆ ಬರೆಯೋದು ಏನ್ ಕಷ್ಟ?" ಎಂದಳು ಮಾಲತಿ. ಸಿಂಹಾಸನವನ್ನು ಎರಡು ಸಲ ಬೇಡವೆಂದು ಮೂರನೆಯ ಸಲ ಒಪ್ಪುವುದು ಪದ್ಧತಿ. ಎರಡನೆಯ ಸಲ ಕೇಳುತ್ತಾಳೋ ಇಲ್ಲವೋ ಎಂದು ಮೊದಲ ಸಲಕ್ಕೇ ಒಪ್ಪಿಬಿಟ್ಟೆ. ನನ್ನ ಮೊದಲ ಕೋಟೆಯ ಹೆಸರು ಕರಾಳಗಿರಿ. ಮೇಲಿನಿಂದ ಕಂಡಂತೆ, ಎದುರಿನಿಂದ ಕಂಡಂತೆ, ನಡುವೆ ಸೀಳಿದಂತೆ ಮೂರು ನಕ್ಷೆ. ಉತ್ತರ ದಿಕ್ಕಿಗೆ ಬಾಣದ ಗುರುತು. ರಾಕ್ಷಸರಿಗೂ ಗಾಳಿ ಬೆಳಕು ಬೇಕಲ್ಲವೆ, ನೆಲಮಾಳಿಗೆಗೆ ಎದುರುಬದುರು ಕಿಟಕಿ. ಒಳಬರುವವರನ್ನು ಕೆಡವಲು ದಾರಿಯ ನಡುವೆ ಆಳವಾದ ಗುಂಡಿ ತೋಡಿ ಮೇಲೆ ಸುಳ್ಳು ಹಲಗೆ ಮುಚ್ಚಿದೆ. ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆದರೆ ನಾನು ಪಂಪಿನ ಮನುಷ್ಯ. ಗುಂಡಿಯೆಂದ ಮೇಲೆ ನೀರು ನಿಲ್ಲುತ್ತದೆ. ಮೂಲೆಗೊಂದು ಪಂಪು ಕೂರಿಸಿದೆ. ಪಂಪೆಂದ ಮೇಲೆ ಕೆಡುತ್ತದೆ; ರಿಪೇರಿಗೆ ಇಳಿಯಲು ಕಬ್ಬಿಣದ ಏಣಿ ಹಾಕಿದೆ. ಏಣಿಯೆಂದ ಮೇಲೆ ಯಾರಾದರೂ ಜಾರುತ್ತಾರೆ. ಹಿಡಿದುಕೊಳ್ಳಲು ಕಂಬಿ ಕೊಟ್ಟೆ. ಪ್ರಶಾಂತನ ವೀರ ಗುಂಡಿಗೆ ಬಿದ್ದ, ಎದ್ದ, ಕಂಬಿ ಹಿಡಿದು ಮೇಲೆ ಬಂದ. "ಸರ್, ನಮ್ಮ ಅಪಾರ್ಟ್‌ಮೆಂಟ್ ಮೆಟ್ಟಿಲಿಗೂ ಇಷ್ಟು ಸೇಫ್ಟಿ ಇಲ್ಲ" ಎಂದ. ನಾನದನ್ನು ಮೆಚ್ಚುಗೆಯೆಂದೇ ಸ್ವೀಕರಿಸಿದೆ.

ಎರಡನೆಯ ಕೋಟೆಯಲ್ಲಿ ಯಂತ್ರಗಳನ್ನು ಕೈಬಿಟ್ಟು ಜೀವಿಗಳ ಮೇಲೆ ಭಾರ ಹಾಕಿದೆ. ಹೆಬ್ಬಾಗಿಲಲ್ಲಿ ಗದೆ ಹಿಡಿದ ರಾಕ್ಷಸ. ನಂದಿನಿಯ ಬಿಲ್ಲುಗಾರ್ತಿ ಎದುರಿಗೆ ಬಂದಳು. ನಾನು ಗಂಟಲು ಸರಿಮಾಡಿಕೊಂಡು, "ಎಲೆ ಹೆಣ್ಣೇ, ಯಾವೂರು ನಿಂದು?" ಎಂದು ಗರ್ಜಿಸಿದೆ. ಅವಳು ಬಿಳಿಬೆಟ್ಟದವಳೆಂದಳು. ಅಲ್ಲಿಗೆ ನಿಲ್ಲಿಸಿ ಗದೆ ಎತ್ತಿದ್ದರೆ ನನ್ನ ಚರಿತ್ರೆಯೇ ಬೇರೆಯಾಗುತ್ತಿತ್ತು. "ಬಿಳಿಬೆಟ್ಟದಲ್ಲಿ ಯಾರ ಮನೆ?" ಎಂದು ರಾಕ್ಷಸನ ಬಾಯಿಂದ ತಾನಾಗಿ ಬಂದುಬಿಟ್ಟಿತು. ಬಿಲ್ಲುಗಾರ್ತಿ ಬಾಯಿಗೆ ಬಂದ ತಾತನ ಹೆಸರೊಂದನ್ನು ಹೇಳಿದಳು. ನೋಡಿದರೆ ರಾಕ್ಷಸನ ಚಿಕ್ಕಮ್ಮನನ್ನು ಕೊಟ್ಟಿದ್ದದ್ದು ಆ ತಾತನಿಗೇ. ಲೆಕ್ಕ ಹಾಕಿದರೆ ಅವಳು ಅವನಿಗೆ ತಮ್ಮನ ಮಗಳಾಗಬೇಕು. ಮನೆಗೆ ಬಂದ ಮಗಳ ಮೇಲೆ ಗದೆ ಎತ್ತುವುದು ಹೇಗೆ? ಅರಿಶಿನ ಕುಂಕುಮ, ರವಿಕೆ ಬಟ್ಟೆ ಕೊಟ್ಟು, ನಿಧಿಯ ಕೋಣೆಗೆ ಹಿಂದಿನ ಬಾಗಿಲಿನಿಂದ ತಾನೇ ಕರೆದೊಯ್ದ. ಪ್ರಶಾಂತ ಪೆನ್ಸಿಲ್ ಕೆಳಗಿಟ್ಟ. "ಸರ್, ಕತ್ತಿ ಹಿಡ್ಕೊಂಡು ಎಷ್ಟು ಭಾನುವಾರ ಆಯ್ತು. ಇನ್ನೂ ಒಂದು ಸೊಳ್ಳೆ ಹೊಡೆದಿಲ್ಲ ನಾನು." ಮಾಲತಿ ಅವನನ್ನು ಸಮಾಧಾನ ಮಾಡಿದಳು. "ಇರು ಪ್ರಶಾಂತ್, ಮುಂದಿನ ರೂಮಲ್ಲಿ ನಿನಗೂ ಒಬ್ಬ ಮಾಮ ಸಿಗ್ತಾರೆ."

ಆ ದಿನ ಉಳಿದಿಬ್ಬರೂ ಗೇಟಿನಾಚೆ ಹೋದ ಮೇಲೆ ಮಾಲತಿ ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದುಳಿದಳು. "ಮಾಮ, ಕೋಪ ಮಾಡ್ಕೋಬೇಡಿ. ಬರೋ ವಾರದಿಂದ ಪ್ರಶಾಂತ್ ರೂಮಲ್ಲೇ ಆಡೋಣ ಅಂತಾರೆ. ಅಪ್ಪುರಂ ಅವನೇ ಸೂತ್ರಧಾರ."

"ಯಾಕಮ್ಮ, ಮೇಜು ಸಣ್ಣದಾಯ್ತಾ?"

"ಮೇಜು ಚೆನ್ನಾಗೇ ಇದೆ. ಭಯ ತಾನ್ ಇಲ್ಲ."

ಇನ್ನೊಂದೇ ಒಂದು ಭಾನುವಾರ ಕೊಡೆಂದು ಕೇಳಿಕೊಂಡೆ. ಸೋದರ ಸೊಸೆಯ ಮುಂದೆ ಇಷ್ಟು ದೈನ್ಯದಿಂದ ನಾನೆಂದೂ ನಿಂತಿರಲಿಲ್ಲ. "ಸರಿ, ಒಂದು. ಆದ್ರೆ ನಾವು ಹೆದರ್ಬೇಕು ಮಾಮ. ಉಪಚಾರ ಬೇಡ" ಎಂದು ಹೋದಳು. ಒಳಗೆ ಬಂದು ಮೇಜಿನ ಮುಂದೆ ಕೂತೆ. ನಕ್ಷೆ ಬರೆಯಬೇಡವೆಂದರೆ ನಾನು ತಡೆದುಕೊಳ್ಳುತ್ತಿದ್ದೆ. ಆದರೆ ನಾನು 'ಬಾಗಿಲು ತೆರೆಯಿತು' ಎಂದಾಗ ಮೂರು ಮುಖಗಳು ಒಟ್ಟಿಗೆ ನನ್ನ ಕಡೆ ತಿರುಗುತ್ತವಲ್ಲ, ಅದನ್ನು ಬಿಟ್ಟು ಮತ್ತೆ ಕುಕ್ಕರಿನ ಜೊತೆ ಸಂಭಾಷಣೆಗೆ ಇಳಿಯುವುದು ನನ್ನಿಂದಾಗದು ಅನ್ನಿಸಿತು.

ಆ ವಾರವೆಲ್ಲ ಭಯವನ್ನು ಹುಡುಕುತ್ತಾ ತಿರುಗಿದೆ. ಗಾಂಧಿಪುರಂ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಸಿಗಬಹುದೆಂದು ಹೋಗಿ ನಿಂತೆ. ಸಿಕ್ಕಿದ್ದು ತುಡಿಯಲೂರಿನ ಬಸ್ಸು, ಕಿಟಕಿಯ ಪಕ್ಕದ ಸೀಟು ಸಮೇತ. ಬೇಡವಾದಾಗ ಅದೃಷ್ಟ ಹೀಗೆಯೇ ಬೆನ್ನು ಹತ್ತುತ್ತದೆ. ಸರೋಜಳನ್ನು ನಿನಗೆ ಯಾವುದೆಂದರೆ ಭಯ ಎಂದು ಕೇಳಿದೆ. "ನೆಂಟ್ರು ಬಂದು ಕೂತಾಗ ಹಾಲು ಒಡ್ದೋದ್ರೆ" ಎಂದಳು. ಅದನ್ನು ಗುಹೆಯೊಳಗೆ ಇಡುವುದು ಹೇಗೆಂದು ಸ್ವಲ್ಪ ಹೊತ್ತು ಯೋಚಿಸಿದ್ದೂ ಉಂಟು. ಕೊನೆಗೆ ಶುಕ್ರವಾರ ತಿರುಪ್ಪೂರಿನಲ್ಲಿ ಒಂದು ಮದುವೆ. ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸಿಕೊಂಡು, ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದಿನಿಂದ ಯಾರೋ ನನ್ನ ಮುಂಗೈ ಹಿಡಿದರು. ತಿರುಗಿದರೆ ಒಬ್ಬ ದೊಡ್ಡವ್ವ. ಕುಳ್ಳಗೆ, ಬೆಳ್ಳಗೆ, ಮೂಗಿನ ಎರಡೂ ಕಡೆ ಬೇಸರಿ. ಹಿಡಿತ ಮಾತ್ರ ಕಬ್ಬಿಣವನ್ನು ಕಚ್ಚಿ ಹಿಡಿಯುವ ನಮ್ಮ ವರ್ಕ್‌ಶಾಪಿನ ಬೆಂಚ್‌ವೈಸಿನದು. "ಏನಪ್ಪಾ, ನಾನ್ಯಾರು ಗೊತ್ತಾಯ್ತಾ? ಹೇಳು ನೋಡೋಣ" ಎಂದಳು. ಗೊತ್ತಾಗಲಿಲ್ಲ. ನಕ್ಕೆ. "ನಗೋದು ಆಮೇಲೆ. ಯಾರು ಹೇಳು." ನನ್ನ ಅಂಗಿಯ ಬೆನ್ನು ಒದ್ದೆಯಾಯಿತು. ಎರಡೂ ಕಡೆಯ ನೆಂಟರನ್ನು ಸಾಲಾಗಿ ನೆನೆಸಿಕೊಂಡೆ, ಯಾರೂ ಆಕೆಗೆ ಹೊಂದಲಿಲ್ಲ. ಪಂಕ್ತಿ ಕೂತಿತೆಂದು ಯಾರೋ ಕೂಗಿದ್ದರಿಂದ ಬದುಕಿಕೊಂಡೆ. ಅವಳು ಯಾರೆಂದು ಇಂದಿಗೂ ತಿಳಿಯದು. ಆದರೆ ಎಲೆಯ ಮುಂದೆ ಕೂತಾಗ ನನ್ನ ಮನಸ್ಸು ಹಗುರವಾಗಿತ್ತು. ಹುಡುಕಿದ್ದು ಸಿಕ್ಕಿತ್ತು.

ಭಾನುವಾರದ ಗುಹೆಗೆ ಕಿಟಕಿ ಇರಲಿಲ್ಲ, ಪಂಪಿರಲಿಲ್ಲ, ಕಂಬಿಯಿರಲಿಲ್ಲ. ಒಂದೇ ದಾರಿ, ಕೊನೆಯಲ್ಲಿ ಒಂದೇ ಬಾಗಿಲು. ಬಾಗಿಲ ಪಕ್ಕದ ಕಲ್ಲಿನ ಮೇಲೆ ಬರಿಗೈಯಲ್ಲಿ ಕೂತ ಒಬ್ಬ ಮುದುಕಿ. ಪ್ರಶಾಂತನ ವೀರ ಹುರುಪಿನಿಂದ ಕತ್ತಿ ಎತ್ತಿದ. "ಎತ್ತಿದ ಕೈಯನ್ನೇ ಅವಳು ಹಿಡಿದಳು" ಎಂದು ನಾನು ಮೇಜಿನಾಚೆ ಕೈಚಾಚಿ ಪ್ರಶಾಂತನ ಮುಂಗೈ ಹಿಡಿದೆ. "ಏನಪ್ಪಾ, ನಾನ್ಯಾರು, ಹೇಳು ನೋಡೋಣ."

"ದಾಳ ಹಾಕ್ತೀನಿ" ಎಂದ ಪ್ರಶಾಂತ.

"ಯಾವ ಕೈಯಿಂದ?" ಎಂದೆ.

ನಂದಿನಿ ಮುಂದೆ ಬಂದಳು. "ನೀವು ನಮ್ಮವ್ವನ ಕಡೆಯವ್ರು ತಾನೆ?" ಮುದುಕಿ ಕಣ್ಣು ಸಣ್ಣ ಮಾಡಿದಳು. "ಕಡೆ ಅಂದ್ರೆ ಯಾವ ಕಡೆ? ಪೇರು ಹೇಳು." ಮಂತ್ರವಾದಿನಿಯಾಗಿದ್ದ ಮಾಲತಿ ನಮ್ಮ ಕುಟುಂಬದ ಅತ್ಯಂತ ಬಲವಾದ ಮಂತ್ರವನ್ನೇ ಪ್ರಯೋಗಿಸಿದಳು. "ದೊಡ್ಡವ್ವ, ಕೊಂಜ ಇಳ್ದೋಗಿದೀರ. ಅದ್ಕೇ ಗುರ್ತು ಸಿಗ್ಲಿಲ್ಲ." ಮುದುಕಿಗೆ ಸಂತೋಷವಾಯಿತು, ಸಂತೋಷದಿಂದ ಹಿಡಿತ ಇನ್ನೂ ಬಿಗಿಯಾಯಿತು. "ಹೌದಾ, ಇಳ್ದಿದೀನಾ? ಇರ್ಲಿ, ನಿನಗೆ ಯಾವಾಗಮ್ಮ ಮದುವೆ?" ಮಾಲತಿ ಮುಖ ಬಿಳಿಚಿಕೊಂಡು ಕುರ್ಚಿಗೆ ಒರಗಿಬಿಟ್ಟಳು. ಪ್ರಶಾಂತನ ವೀರ ಕಾಲಿಗೆ ಬಿದ್ದ. ಆಶೀರ್ವಾದ ಸಿಕ್ಕಿತು, ಕೈ ಸಿಗಲಿಲ್ಲ. ಮೂವರೂ ಬೆವೆತಿದ್ದರು. ನನ್ನ ಎದೆ ಸಾಮ್ರಾಟನ ಎದೆಯಂತೆ ಉಬ್ಬಿತ್ತು. "ಸೋತ್ವಿ ಸರ್. ಉತ್ತರ ಏನು ಹೇಳ್ಬಿಡಿ" ಎಂ‍ದ ಪ್ರಶಾಂತ. ಆಗ ನನಗೆ ಹೊಳೆಯಿತು: ಉತ್ತರ ನನಗೂ ಗೊತ್ತಿಲ್ಲ. ಗೊತ್ತಿದ್ದರೆ ಶುಕ್ರವಾರವೇ ಹೇಳಿ ಬಿಡಿಸಿಕೊಳ್ಳುತ್ತಿದ್ದೆನಲ್ಲ. ನಾನೇ ಬರೆದ ಗುಹೆಯ ಬಾಗಿಲಲ್ಲಿ, ನನ್ನದೇ ಹಿಡಿತದಲ್ಲಿ, ನಾನೂ ಸಿಕ್ಕಿಹಾಕಿಕೊಂಡಿದ್ದೆ.

ಅಷ್ಟರಲ್ಲಿ ಸರೋಜ ಕಾಫಿಯ ತಟ್ಟೆ ಹಿಡಿದು ಬಂದಳು. ಪ್ರಶಾಂತನ ಮುಂಗೈಯ ಮೇಲಿದ್ದ ನನ್ನ ಕೈಯನ್ನು ನೋಡಿ, "ಏನಂತೆ?" ಎಂದು ಮಾಲತಿಯನ್ನು ಕೇಳಿದಳು. ಮಾಲತಿ ಗುಹೆ, ಮುದುಕಿ, ಬಿಡದ ಕೈ ಎಲ್ಲವನ್ನೂ ಹೇಳಿದಳು.

"ಅದ್ಕ್ಯಾಕೆ ಇಷ್ಟು ಯೋಚ್ನೆ? ಅವ್ಳ ಕೈಗೆ ಬಿಸಿ ಕಾಫಿ ಕೊಡಿ. ಲೋಟ, ಅದ್ರ ಕೆಳಗಿನ ಡಬರಾ ಎರಡೂ ಹಿಡೀಬೇಕಲ್ಲ, ತಾನೇ ಬಿಡ್ತಾಳೆ."

"ಬಿಡ್ತಾಳಾ ಅತ್ತೆ?"

"ಬಿಡ್ದೆ ಏನು? ಈ ಮನೆಗೆ ಬಂದಾಗಿಂದ ಎಲ್ರನ್ನೂ ನಾ ಹಂಗೆ ತಾನೆ ಬಿಡಿಸ್ತಾ ಇರೋದು. ಈ ತಂಬಿನೂ ಮೊದ್ಲ ದಿನ ಹಂಗೇ ಬಿಡ್ಸಿದ್ದು." ಹೀಗೆಂದು ಲೋಟವನ್ನು ನನ್ನ ಕೈಗಿತ್ತಳು. ಸುಡುತ್ತಿತ್ತು. ಎರಡೂ ಕೈಯಲ್ಲಿ ಹಿಡಿದೆ. ಪ್ರಶಾಂತ ತನ್ನ ಮುಂಗೈಯನ್ನು ವಾಪಸು ತೆಗೆದುಕೊಂಡು ನಿಧಾನವಾಗಿ ಉಜ್ಜಿಕೊಂಡ.

"ಅದೇ ನೋಡಿ ಮಾಮ," ಎಂದಳು ಮಾಲತಿ, "ಈ ಮುದುಕೀನ ಎಲ್ಲೋ ನೋಡಿದೀನಲ್ಲಾ ಅಂತ ಆವಾಗ್ಲಿಂದ ಅನ್ನಿಸ್ತಿತ್ತು."

ಅದು ತಿರುಪ್ಪೂರಿನ ಮದುವೆಯ ದೊಡ್ಡವ್ವ, ಎರಡು ಬೇಸರಿ, ಬೆಂಚ್‌ವೈಸಿನ ಹಿಡಿತ ಎಂದು ನಾನು ವಿವರಿಸತೊಡಗಿದೆ. ಕರ್ಮಪದದವರೆಗೂ ಯಾರೂ ಬರಲಿಲ್ಲ. ಮೂವರೂ ಮೇಜಿನ ಮೇಲೆ ಬಿದ್ದು ನಗುತ್ತಿದ್ದರು. ಕಾಫಿ ಕುಡಿಯುತ್ತಾ ನಾನು ನನ್ನ ಬಾಳಿನ ಅವೇಳೆಯ ಕಾಫಿಗಳನ್ನೆಲ್ಲ ನೆನೆಸಿಕೊಂಡೆ. ಕರೆಂಟಿನ ಮೀಟರ್ ನೋಡಲು ಬಂದಿದ್ದ ಸತ್ಯಮಂಗಲದ ಮನುಷ್ಯ, ಮನೆ ಬಾಡಿಗೆಗಿದೆಯೇ ಎಂದು ಕೇಳಿ ಸಿಕ್ಕಿಬಿದ್ದ ದಂಪತಿಗಳು, ಮಾಲತಿಯನ್ನು ನೋಡಲು ಬಂದಿದ್ದ ವರನ ತಂದೆ. ಪ್ರತಿ ಲೋಟದ ಹಿಂದೆ ಬಿಡುಗಡೆಯಾದ ಒಬ್ಬ ಕೈದಿ. ನಾನು ಮಾತ್ರ ಹೆಂಡತಿಯ ಪ್ರೀತಿಯೆಂದು ಇಷ್ಟು ವರ್ಷ ಸಕ್ಕರೆ ಹೆಚ್ಚಾಯಿತು, ಕಮ್ಮಿಯಾಯಿತು ಎನ್ನುತ್ತಾ ಕುಡಿದಿದ್ದೆ.

ಆಟ ನಮ್ಮ ಮನೆಯಲ್ಲೇ ಉಳಿಯಿತು. "ಮೇಜು ನನ್ನ ರೂಮಲ್ಲೂ ಇದೆ ಸರ್. ಇಂಥಾ ರಾಕ್ಷಸನ್ನ ಎಲ್ಲಿಂದ ತರ್ಲಿ?" ಎಂದ ಪ್ರಶಾಂತ. ಈಗ ಭಾನುವಾರ ನಾನು ಬಾಗಿಲು ತೆಗೆದರೆ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಳಗೆ ಬರುತ್ತಾನೆ. ಅವನ ತಾಯಿಯ ಸೋದರತ್ತೆಯನ್ನು ಎಲ್ಲಿಗೆ ಕೊಟ್ಟಿದ್ದರೆಂಬುದು ಇನ್ನೂ ತಿಳಿದಿಲ್ಲ.

ಇದನ್ನು ಮುಗಿಸುವ ಮೊದಲು ಸರೋಜಳಿಗೆ ಒಮ್ಮೆ ಓದಿ ಹೇಳುವುದು ನ್ಯಾಯವೆನಿಸಿತು. ಮನೆಯವರ ಬಗ್ಗೆ ಏನು ಬರೆದರೂ ಕ್ಷೇಮ ಎಂಬ ವಾಕ್ಯವೊಂದನ್ನು ಬಿಟ್ಟು ಓದಿದೆ. ಪಂಪು, ಏಣಿ, ಕಂಬಿಯವರೆಗೆ ಕೂತು ಕೇಳಿದಳು. ರಾಕ್ಷಸನ ಚಿಕ್ಕಮ್ಮನನ್ನು ಬಿಳಿಬೆಟ್ಟಕ್ಕೆ ಕೊಟ್ಟ ಸಂಗತಿಯನ್ನು ಬಿಡಿಸಿ ಹೇಳುವಷ್ಟರಲ್ಲಿ ಎದ್ದು ಒಳಗೆ ಹೋದಳು. ಡಿಕಾಕ್ಷನ್ ವಾಸನೆ ಬರುತ್ತಿದೆ. ಇಷ್ಟು ಹೊತ್ತು ಕದಲದೆ ಕೇಳಿದ ಓದುಗರೇ, ನೀವು ಯಾವೂರು, ಯಾರ ಮನೆ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಲೋಟ ಬಂತು. ಸುಡುತ್ತಿದೆ. ನಿಮ್ಮ ಕೈ ಬಿಟ್ಟಿದ್ದೇನೆ, ಹೋಗಿ ಬನ್ನಿ.