ಗೋವಿನಜೋಳದ ನಡುವೆ ಪ್ರಾರ್ಥನೆ

'ಶಾಲೆ ಸಮುದಾಯದ ಆಸ್ತಿ' ಎಂದು ಸಭೆಗಳಲ್ಲಿ ಮೈಕು ಹಿಡಿದು ಹೇಳುವವರನ್ನೆಲ್ಲ ಒಂದು ಸೋಮವಾರ ಬೆಳಿಗ್ಗೆ ನನ್ನ ಶಾಲೆಯ ಅಂಗಳಕ್ಕೆ ಕರೆತಂದು ನಿಲ್ಲಿಸಬೇಕೆಂಬುದು ನನ್ನ ಬಹುದಿನದ ಆಸೆ. ನಿಲ್ಲಲು ಜಾಗ ಸಿಕ್ಕರೆ ಅವರ ಪುಣ್ಯ. ಹುಕ್ಕೇರಿ ಕಡೆಯಿಂದ ವರ್ಗವಾಗಿ, ಮೂಡಲಗಿ ಹತ್ತಿರದ ಈ ಪುಟ್ಟ ಶಾಲೆಗೆ ಹೆಡ್ಮಾಸ್ತರನಾಗಿ ಬಂದ ಮೊದಲ ಸುಗ್ಗಿಯಲ್ಲೇ ಕಂಡೆ: ಅಂಗಳದ ತುಂಬ ಗೋವಿನಜೋಳ ಹರವಿದ್ದಾರೆ, ಧ್ವಜಕಟ್ಟೆಯ ಮೇಲೆ ಯಾರದೋ ಮೆಣಸಿನಕಾಯಿ, ಮಕ್ಕಳು ಗೋಡೆಗೆ ಆತುಕೊಂಡು ಪ್ರಾರ್ಥನೆ ಹೇಳುತ್ತಿದ್ದಾರೆ. ಹಿಂದಿನ ಊರಿನಲ್ಲಿ ಶಾಲೆಯ ಕಡೆ ಯಾರೂ ಸುಳಿಯುವುದಿಲ್ಲವೆಂದು ಸಿಟ್ಟಾಗುತ್ತಿದ್ದೆ. ಇಲ್ಲಿ ಯಾರೂ ಎದ್ದು ಹೋಗುವುದಿಲ್ಲವೆಂದು ಸಿಟ್ಟಾದೆ. ಸಿಟ್ಟಿಗೆ ಕಾರಣ ಹುಡುಕುವುದರಲ್ಲಿ ನಾನು ಪ್ರವೀಣನೆಂದು ನನ್ನ ಹೆಂಡತಿಯ ಅಭಿಪ್ರಾಯ.

ಕಾಳಿಗೆ ಕಾವಲು ಶಾಲೆಯ ಬಾಜೂ ಮನೆಯ ಬಾಳವ್ವ. ಊರ ಮಕ್ಕಳಿಗೆಲ್ಲ 'ಆಯಿ', ಅಂದರೆ ಅಜ್ಜಿ. ಒಂದನೇ ತರಗತಿಯ ಬಾಗಿಲ ಹೊರಗೆ ಕಾಲು ಚಾಚಿ, ಕೋಲು ಹಿಡಿದು, ದಿನವಿಡೀ ಕೋಳಿ ಓಡಿಸುತ್ತ ಕೂರುವಳು. ಇದು ಸರ್ಕಾರಿ ಜಾಗ, ಕಾಳು ಎತ್ತಿಸು ಎಂದು ಹೇಳಿ ನೋಡಿದೆ.

"ನಿಮ್ಮ ಹುಡುಗೂರು ಒಳಗ ಅದಾವು, ಬಿಸಲು ಹೊರಗ ಐತಿ," ಎಂದಳು. "ಇದರಾಗ ಜಗಳ ಎಲ್ಲಿ ಬಂತ್ರಿ ಸರ?"

ಉತ್ತರ ಹೊಳೆಯದಿದ್ದಾಗ ಮನುಷ್ಯ ಬೀಗ ಕೊಳ್ಳುತ್ತಾನೆ. ಗೋಕಾಕ ಪೇಟೆಯಿಂದ ಮುಷ್ಟಿ ಗಾತ್ರದ ಬೀಗ ತಂದು ಗೇಟಿಗೆ ತೂಗುಹಾಕಿದೆ. ಊರವರು ಮರುಮಾತಾಡದೆ ಕಾಳು ಎತ್ತಿಕೊಂಡು ಹೋದರು. ವಾದಕ್ಕೆ ಸಿದ್ಧನಾಗಿ ನಿಂತಿದ್ದ ನನಗೆ ಅದೂ ಅವಮಾನವೆನಿಸಿತು.

ಮರುದಿನ ಮಕ್ಕಳು ಒಳಬಂದೊಡನೆ ಗೇಟಿಗೆ ಬೀಗ ಜಡಿದೆ. ಒಂದನೇ ತರಗತಿಯಲ್ಲಿ ಒಂದು ಮಗು ಅಳಲು ಶುರು ಮಾಡಿತು, ಬೆನ್ನಿಗೇ ಉಳಿದವೂ. ದಸರಾ ರಜೆ ಕಳೆದು ಬಂದ ಎಳೆಯ ಜೀವಗಳು. ಈ ಮೊದಲು ಅಳು ಬಂದ ಮಗು ಹೊರಗೆ ಹೋಗಿ ಬಾಳವ್ವನ ತೊಡೆಯ ಮೇಲೆ ಒಂದು ಗಳಿಗೆ ಕೂತು, ಅವಳ ಸೆರಗಿಗೆ ಮೂಗು ಒರೆಸಿ ಮತ್ತೆ ಒಳಗೆ ಬರುತ್ತಿತ್ತು. ಅದನ್ನು ನಾನು ಅಶಿಸ್ತು ಎಂದುಕೊಂಡಿದ್ದೆ. ಈಗ ಅವೆಲ್ಲ ಗೇಟಿನ ಸರಳು ಹಿಡಿದು 'ಆಯಿ' ಎಂದು ಕೂಗತೊಡಗಿದವು. ನಾನು ಹಾಡಿದೆ, ಮಂಗನಂತೆ ಕುಣಿದೆ, ಅಳು ಹೆಚ್ಚಾಯಿತು. ವಾರ ತಿರುಗುವಷ್ಟರಲ್ಲಿ ತರಗತಿ ಅರ್ಧ ಖಾಲಿ. ತಾಯಂದಿರು ಬೆಳಗಾಗುತ್ತಲೇ ಹೊಲಕ್ಕೆ ಹೋದ ಮೇಲೆ, ಹಟ ಹಿಡಿದ ಮಕ್ಕಳನ್ನು ಕರೆತರುವವರು ಯಾರು? ಹೀಗೇ ಬಿಟ್ಟರೆ ಇವು ಶಾಲೆಯನ್ನೇ ಮರೆಯುತ್ತವೆಂದು ನನಗೆ ನಿಜಕ್ಕೂ ಭಯವಾಯಿತು.

ಬಾಳವ್ವನ ಮನೆಗೆ ಹೋದೆ. ಅವಳು ಬೈಯಲಿಲ್ಲ, ಚಹಾ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

"ಬರತೇನ್ರಿ ಸರ. ಖರೆ, ಸುಮ್ಮನ ಕುಂದ್ರಾಕ ನನಗ ಬರೂದಿಲ್ಲ. ಕಾಳು ಬೇಕು."

ಬೀಗ ತೆಗೆದೆ. ಕಾಳು ಬಂತು, ಹಿಂದೆಯೇ ಮಕ್ಕಳೂ ಬಂದರು. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಪ್ರಾರ್ಥನೆಗೆ ಒಂದಿಷ್ಟು ಜಾಗ ಬಿಟ್ಟು ಹರವಿದರೆ ಇವರ ಗಂಟೇನು ಹೋಗುತ್ತದೆ?

ಮೊನ್ನೆ ಬಾಳವ್ವ ಊಟಕ್ಕೆ ಹೋದಾಗ ಅವಳ ಕೋಲು ಹಿಡಿದು ನಾನೇ ಕೋಳಿ ಓಡಿಸುತ್ತಿದ್ದೆ. ಅದೇ ಹೊತ್ತಿಗೆ ಇಲಾಖೆಯ ಸಾಹೇಬರೊಬ್ಬರು ತಪಾಸಣೆಗೆಂದು ಹೇಳದೆ ಕೇಳದೆ ಮೋಟರ್‌ಸೈಕಲ್ಲಿನ ಮೇಲೆ ಗೇಟು ದಾಟಿ ಬಂದರು. ಅಂಗಳ ನೋಡಿದರು, ನನ್ನ ಕೈಯ ಕೋಲು ನೋಡಿದರು.

"ಸಾಲಿ ಅಂಗಳದಾಗ ಯಾರದ್ರಿ ಇದು ಗೊಂಜಾಳ?"

ಊರವರ ಮೇಲೆ ನಾನು ಇಷ್ಟು ದಿನ ಕೂಡಿಟ್ಟಿದ್ದ ಸಿಟ್ಟೆಲ್ಲ ಆ ಪುಣ್ಯಾತ್ಮನ ಮೇಲೆ ತಿರುಗಿತು.

"ನಮ್ಮದ್ರಿ," ಎಂದೆ. "ಗಾಡಿ ಸ್ವಲ್ಪ ಬಾಜೂಕ ಹಚ್ರಿ, ಕಾಳು ಒಡೀತಾವು."